ಮೂಲೆಯಲ್ಲಿ ಗುಮ್ಮನನ್ನು ಕೂರಿಸಿದವರು

ಅವರು ತೀರಿಕೊಂಡ ಸುದ್ದಿ ಬಂದು ಹದಿನೈದು ದಿನವಾಯಿತು. ಅವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಹೋದವರ ಬಗ್ಗೆ ಹೀಗೆಲ್ಲ ಬರೆಯಬಾರದೆಂದು ನಮ್ಮ ಯಜಮಾನರು ಎರಡು ಸಲ ಹೇಳಿದರು. ಸರಿ, ಒಳ್ಳೆಯದನ್ನೇ ಬರೆಯೋಣವೆಂದು ಕೂತರೆ ಆ ಒಳ್ಳೆಯದೂ ಸಿಟ್ಟಿನ ಕೈ ಹಿಡಿದುಕೊಂಡೇ ಬರುತ್ತದೆ. ಏನು ಮಾಡಲಿ?

ಸಿಂದಗಿಯಲ್ಲಿ ನಾವು ಬಾಡಿಗೆಗಿದ್ದ ವಾಡೆಯ ಒಡತಿ ಅವರು. ವಾಡೆಯೆಂದರೆ ಅರಮನೆಯೇನಲ್ಲ. ನಡುವೆ ಮಣ್ಣಿನ ಅಂಗಳ, ಮೂರು ಕಡೆ ಖೋಲಿಗಳು, ನಾಲ್ಕನೆಯ ಕಡೆ ದನದ ಕೊಟ್ಟಿಗೆ, ಕೊಟ್ಟಿಗೆಯ ಪಕ್ಕದಲ್ಲಿ ಗಿಡ್ಡ ಕಟ್ಟೆಯ ಬಾವಿ. ಎದುರಿನ ಖೋಲಿಗಳಲ್ಲಿ ಅವರು, ಅವರ ಮಗ, ಸೊಸೆ. ಎಡಕ್ಕೆ ನಾವು. ಬಲಕ್ಕೆ ಸಾಲಿ ಮಾಸ್ತರರ ಸಂಸಾರ, ಅವರಿಗೆ ಎರಡು ಪುಟ್ಟ ಹೆಣ್ಣುಮಕ್ಕಳು. ಮನೆಯವರು, ಬಾಡಿಗೆಯವರು, ಹಾಲು ಹಾಕುವವಳು ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ಆ ಕಡೆ ಅಜ್ಜಿಗೆ ಹೇಳುವ ಮಾತು ಅದು. ಹೆಸರು ಹಿಡಿದು ಯಾರೂ ಕರೆದದ್ದನ್ನು ನಾನು ಕೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಯಜಮಾನರು ಸರಕಾರಿ ಗುಮಾಸ್ತರು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಆಮೇಲೆ ಸಿಂದಗಿ. ಮದುವೆಯಾದ ಐದು ವರ್ಷದಲ್ಲಿ ನಾಲ್ಕು ತಾಲೂಕು. ನಾನು ಬೆಳಗಾವಿಯಲ್ಲಿ ಕಾನ್ವೆಂಟಿನಲ್ಲಿ ಕಲಿತವಳು. ನಮಗೆ ಅಲ್ಲಿ ಮಕ್ಕಳನ್ನು ಬೆಳೆಸುವ ಪಾಠವೂ ಇತ್ತು. ಒಂದು ರಬ್ಬರಿನ ಗೊಂಬೆಗೆ ನಾವು ಸರದಿಯ ಮೇಲೆ ಸ್ನಾನ ಮಾಡಿಸುತ್ತಿದ್ದೆವು, ಪೌಡರು ಹಚ್ಚುತ್ತಿದ್ದೆವು. ಗೊಂಬೆ ಒಮ್ಮೆಯೂ ಅಳಲಿಲ್ಲ, ಒಮ್ಮೆಯೂ ಓಡಿಹೋಗಲಿಲ್ಲ. ನಾನು ತರಗತಿಗೇ ಮೊದಲಿಗಳು. ಪಾಠ ಹೇಳುತ್ತಿದ್ದ ಸಿಸ್ಟರ್ ಮೆಲುದನಿಯವರು. ಮಗುವಿಗೆ ಸುಳ್ಳು ಹೇಳಬೇಡಿ, ಹೆದರಿಸಬೇಡಿ, ಎರಡರಿಂದಲೂ ಅದರ ಮನಸ್ಸು ಕುಂದುತ್ತದೆ ಎಂದು ಹೇಳಿದ್ದರು. ಅದನ್ನು ನಾನು ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೆ. ಈಗಲೂ ಅದು ಸುಳ್ಳೆಂದು ಹೇಳಲಾರೆ.

ನಾವು ಸಿಂದಗಿಗೆ ಬಂದಿಳಿದ ಮರುದಿನ ಆಯಿ ನಮ್ಮ ಖೋಲಿಗೆ ಬಂದರು. ಬಾಗಿಲು ಬಡಿಯುವುದು, ಬರಲೇ ಎಂದು ಕೇಳುವುದು ಅವರಿಗೆ ಗೊತ್ತಿರಲಿಲ್ಲ. ನೇರವಾಗಿ ಒಳಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮುಚ್ಚಿ, ಗೋಡೆಗೆ ಅಂಟಿಸಿದ್ದ ಕಾಗದದ ಮುಂದೆ ನಿಂತರು.

"ಏನಿದು ತಂಗಿ, ಗ್ವಾಡಿಗೆ ಬರದ ಹಚ್ಚೀದಿ?"

"ಟೈಮ್ ಟೇಬಲ್ ರೀ ಆಯಿ. ಸುಧೀರಂದು. ಎಷ್ಟೊತ್ತಿಗೆ ಏಳೂದು, ಎಷ್ಟೊತ್ತಿಗೆ ಹಾಲು, ಎಷ್ಟೊತ್ತಿಗೆ ಆಟ, ಎಲ್ಲಾ."

"ಆಟಕ್ಕೂ ವ್ಯಾಳ್ಯಾ ಐತೇನು? ಎಷ್ಟರಿಂದ ಎಷ್ಟು?"

"ನಾಕರಿಂದ ಐದೂವರಿ ತನಕಾರೀ."

ಆಯಿ ನನ್ನ ಮಗನ ಕಡೆ ತಿರುಗಿದರು. ಅವನಿಗಾಗ ಮೂರು ತುಂಬಿರಲಿಲ್ಲ. "ಸುಧ್ಯಾ, ಈಗ ಹತ್ತ ಬಡದೈತಿ ನೋಡಪ್ಪಾ. ಇನ್ನ ಆರ ತಾಸ ಸುಮ್ಮ ಕುಂಡ್ರು. ಕೈ ಕಾಲ ಆಡಿಸಿಗಿಡಿಸೀ, ನಿಮ್ಮವ್ವ ಬೈತಾಳ!"

ಅವನು ಕಿಲಕಿಲನೆ ನಕ್ಕ. ನನಗೆ ಮೈಯೆಲ್ಲ ಉರಿಯಿತು. "ಸುಧ್ಯಾ ಅಲ್ರೀ ಆಯಿ, ಸುಧೀರ ಅನ್ರಿ. ಪೂರ್ತಿ ಹೆಸರ ಕರದ್ರ ಮಕ್ಕಳಿಗೆ ಚೊಲೋ" ಎಂದೆ, ಆದಷ್ಟು ಮೆತ್ತಗೆ.

"ಬಾವಿ ಕಡೆ ಓಡಾಕತ್ತಿದ್ದಾಗ ಸುಧೀರ ಅಂತ ಉದ್ದಕ ಕರ್ಯೂದ್ರಾಗ ಒಂದ ಹೆಜ್ಜಿ ಮುಂದ ಹೋಗಿರ್ತಾನ ತಂಗಿ. ಸುಧ್ಯಾ ಅಂದ್ರ ಅರ್ಧಾ ಹೆಜ್ಜಿ ಉಳೀತೈತಿ."

ಅವರ ಜೊತೆ ಯಾವತ್ತೂ ಹೀಗೇ. ಮಾತು ತಮಾಷೆಯದೋ, ಬೈಗುಳವೋ, ಬುದ್ಧಿಯೋ ಎಂದು ನಾನು ಬಿಡಿಸಿಕೊಳ್ಳುವಷ್ಟರಲ್ಲಿ ಅವರು ಎದ್ದು ಹೋಗಿರುತ್ತಿದ್ದರು.

ಅವರು ಕೂರುವ ರೀತಿಯೊಂದಿತ್ತು. ಹೊಸ್ತಿಲ ಮೇಲೆ ಕೂರಬಾರದೆಂದು ಸೊಸೆಗೆ ಬೈಯುತ್ತಿದ್ದವರು ತಾವು ಮಾತ್ರ ಅಲ್ಲೇ ಕೂರುವರು. ಒಂದು ಕಾಲು ಮಡಚಿ, ಇನ್ನೊಂದನ್ನು ಬಾಗಿಲಿಗೆ ಅಡ್ಡವಾಗಿ ಚಾಚಿ, ಇಳಕಲ್ ಸೀರೆಯ ನೆರಿಗೆಯನ್ನು ಮೊಣಕಾಲ ನಡುವೆ ಒತ್ತಿಕೊಂಡು. ಆ ಚಾಚಿದ ಕಾಲನ್ನು ದಾಟಿ ಅಂಬೆಗಾಲಿನ ಯಾವ ಕೂಸೂ ಅಂಗಳಕ್ಕೆ ಇಳಿದದ್ದಿಲ್ಲ. ಕೈಯಲ್ಲಿ ಮೊರವಿರುತ್ತಿತ್ತು, ಬಾಯಲ್ಲಿ ಬೈಗುಳವಿರುತ್ತಿತ್ತು. ಕಾಲು ಮಾತ್ರ ತನ್ನ ಪಾಡಿಗೆ ಕಾವಲು ಕಾಯುತ್ತಿತ್ತು.

ಶೇಂಗಾ ಬಿಡಿಸುವ ದಿನ ಮಕ್ಕಳೆಲ್ಲ ಅವರ ಸುತ್ತ. "ಹಲ್ಲ ತೋರಸು, ಶೇಂಗಾ ತಗೋ" ಎನ್ನುವರು. ಬಾಯಿ ತೆರೆದರೆ ಬೆರಳು ಹಾಕಿ ದವಡೆ ಹಲ್ಲು ಮುಟ್ಟಿ ನೋಡುವರು. ಹಲ್ಲು ಸಾಲದಿದ್ದರೆ ಕಾಳನ್ನು ಕಲ್ಲಿನ ಮೇಲಿಟ್ಟು ಜಜ್ಜಿ, ಬೆಲ್ಲ ಬೆರೆಸಿ ಕೊಡುವರು. ಮಾಸ್ತರರ ಕಿರಿಯ ಮಗಳು ಇಡೀ ಕಾಳು ಬೇಕೆಂದು ನೆಲಕ್ಕೆ ಬಿದ್ದು ಒರಲಿದರೆ, "ಅತ್ತರ ಬಾಯಿ ತೆರೀತೈತಿ, ಹಲ್ಲ ಬರೂದಿಲ್ಲ" ಎಂದು ತಮ್ಮ ಕೆಲಸ ಮುಂದುವರಿಸುವರು. ಆ ಬೆರಳು ತೊಳೆದಿದ್ದೋ ಇಲ್ಲವೋ ಎಂಬ ಚಿಂತೆಯಲ್ಲೇ ನಾನು ಅರ್ಧ ಸತ್ತೆ.

ಸ್ನಾನದ ನೀರಿನ ವಿಷಯದಲ್ಲಿ ಅವರದು ಪೊಲೀಸು ಕಾಯಿದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊದಲೇ ಬಿಸಿನೀರು ಸುರಿದು ತಣ್ಣೀರು ತರಲು ಹೋದರೆ ಆ ನಡುವಿನ ಎರಡು ನಿಮಿಷದಲ್ಲಿ ಕೂಸು ಬಕೆಟ್ಟಿಗೆ ಕೈ ಹಾಕಿಯೇ ಹಾಕುತ್ತದೆ ಎಂದು ಅವರ ವಾದ. ಚಿಮಣಿ ಎಣ್ಣೆಯ ಬಾಟಲಿಯನ್ನು ಕುತ್ತಿಗೆಗೆ ದಾರ ಕಟ್ಟಿ ತೊಲೆಗೆ ತೂಗುಹಾಕಿಸಿದರು. ನಾನು ಸ್ಟೋವಿನ ಪಕ್ಕದಲ್ಲಿ ಶರಬತ್ತಿನ ಹಳೆಯ ಬಾಟಲಿಯಲ್ಲಿ ಅದನ್ನು ಇಟ್ಟುಕೊಂಡಿದ್ದೆ, ಅಂದವಾಗಿ, ಚೀಟಿ ಅಂಟಿಸಿ. "ಚೀಟಿ ಓದಾಕ ಬರತೈತೇನು ನಿನ್ನ ಮಗಗ?" ಎಂದರು.

ಸುಧೀರನ ಕಾಲಿಗೆ ಗೆಜ್ಜೆ ಕಟ್ಟಿದವರೂ ಅವರೇ. ಗಂಡುಮಗುವಿಗೆ ಗೆಜ್ಜೆ ಏಕೆಂದು ನಾನು ಮುಖ ಸಿಂಡರಿಸಿದೆ. ಅವರು ನನಗೆ ಉತ್ತರ ಕೊಡುವ ಬದಲು ಸೊಸೆಗೆ ಕೂಗಿ ಹೇಳಿದರು: "ಸಪ್ಪಳ ಬರೂತನಕ ಕೆಲಸ ಮಾಡಾಕಿ. ಸಪ್ಪಳ ನಿಂತ್ರ ಓಡಾಕಿ. ಇಷ್ಟ ಐತಿ ಮಕ್ಕಳ ಕಾಯೂದು. ಅದಕ್ಕ ಬುಕ್ಕ ಬೇಕೇನು?"

ಬುಕ್ಕಿನ ಮಾತು ನನಗೇ ಎಂದು ಕೊಟ್ಟಿಗೆಯ ಎಮ್ಮೆಗೂ ಗೊತ್ತಿತ್ತು.

ಹಾಗೆಂದು ಅವರು ಹೇಳಿದ್ದೆಲ್ಲ ಸರಿ ಎಂದುಕೊಳ್ಳಬೇಡಿ. ಹಾಗಿದ್ದರೆ ನನ್ನ ಪಾಡು ಸುಲಭವಾಗುತ್ತಿತ್ತು. ಮಗುವಿನ ಕಣ್ಣಿಗೆ ಕಾಡಿಗೆ ತುಂಬಿ ಕಣ್ಣು ಬಾವು ಬರಿಸಿದರು. ನೆಗಡಿಯಾದರೆ ಔಡಲೆಣ್ಣೆಯನ್ನು ಮೂಗಿಗೆ ಬಿಡಲು ಬರುತ್ತಿದ್ದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕಾಗುತ್ತಿತ್ತು. ಒಂದು ದಿನ ನಾನು ಪೇಟೆಯಿಂದ ಬರುವಾಗ ನನ್ನ ಮಗನನ್ನು ಹಳೆಯ ಸೀರೆಯಲ್ಲಿ ಸೊಂಟಕ್ಕೆ ಕಟ್ಟಿ ಪಡಸಾಲೆಯ ಕಂಬಕ್ಕೆ ಬಿಗಿದಿದ್ದರು, ಕರು ಕಟ್ಟಿದ ಹಾಗೆ. ಅವನು ತಾಟು ಬಡಿದುಕೊಂಡು ಖುಷಿಯಾಗಿದ್ದ. ನಾನು ಗಂಟು ಬಿಚ್ಚುತ್ತ ಅತ್ತುಬಿಟ್ಟೆ.

"ಯಾಕ ಅಳ್ತಿ? ರೊಟ್ಟಿ ಬಡ್ಯಾಕತ್ತಿದ್ದೆ. ಕಣ್ಣ ಒಂದ ಜೋಡಿ, ಒಲಿ ಒಂದು, ಕೂಸ ಒಂದು. ಇಂಗ್ಲೀಷ ಕಲ್ತಾಕಿ, ನೀನ ಹೇಳು, ಕಣ್ಣ ಎಲ್ಲಿ ಇಡ್ಲಿ?"

"ನನ್ನ ಮಗ ದನಾ ಅಲ್ರೀ ಆಯಿ."

"ದನಾ ಆಗಿದ್ರ ಕಟ್ಟತಿದ್ದಿಲ್ಲ. ದನಕ್ಕ ಒಲಿ ಬಿಸಿ ಇರತೈತಿ ಅಂತ ಗೊತ್ತಿರತೈತಿ."

ಸಂಜೆ ಯಜಮಾನರಿಗೆ ಹೇಳಿದರೆ ಅವರು ಪೇಪರಿನ ಹಿಂದಿನಿಂದ ನಕ್ಕರು. ನಗು ಕೇಳಿಸದಂತೆ ನಕ್ಕರು, ಆದರೆ ಪೇಪರು ಅಲುಗಿತು.

ಆದರೂ ಆಟವೆಂದರೆ ಆಯಿಯದು. ಇದನ್ನು ಒಪ್ಪಿಕೊಳ್ಳಲೇಬೇಕು. ಜೋಳದ ದಂಟು ಸೀಳಿ, ಒಳಗಿನ ಬೆಂಡು ತೆಗೆದು, ಸಿಪ್ಪೆಯ ಸಿಬಿರಿನಿಂದ ಹೆಣೆದು ಚಾಳೀಸು, ಅಂದರೆ ಕನ್ನಡಕ, ಮಾಡುವರು, ಬಂಡಿ ಮಾಡುವರು, ಎರಡು ಕೋಡಿನ ಎತ್ತು ಮಾಡುವರು. ಸಿಬಿರು ಬ್ಲೇಡಿನಷ್ಟು ಹರಿತ. ಅದನ್ನು ಮಕ್ಕಳ ಕೈಗೆ ಕೊಡದೆ ತಾವೇ ಸೀಳಿ, ಅಂಚನ್ನು ಉಗುರಿನಿಂದ ಕೆರೆದು ಮೊಂಡು ಮಾಡಿ, ತಮ್ಮ ಕೆನ್ನೆಗೆ ಉಜ್ಜಿ ನೋಡಿ ಆಮೇಲೆ ಕೊಡುವರು. ಒಂದು ಮಧ್ಯಾಹ್ನ ವಾಡೆಯ ಮೂವರು ಮಕ್ಕಳೂ, ಎಮ್ಮೆಯೂ, ಆಯಿಯೂ ದಂಟಿನ ಚಾಳೀಸು ಹಾಕಿಕೊಂಡು ಕೂತಿದ್ದರು. ಮಾಸ್ತರರು ಬಂದವರು ತಮ್ಮ ನಿಜವಾದ ಚಾಳೀಸು ತೆಗೆದು ಜೇಬಿಗಿಟ್ಟುಕೊಂಡರು. ನನ್ನ ಮಗ ಅಷ್ಟು ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನ ನಾಲ್ಕರಿಂದ ಐದೂವರೆಯಲ್ಲಿ ಅಂಥ ನಗು ಬಂದಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆಯುರಿಯೇ.

ನಮ್ಮಿಬ್ಬರಿಗೆ ನಿಜವಾಗಿ ಬೀಳುತ್ತಿದ್ದದ್ದು ಸುಳ್ಳಿನ ವಿಷಯಕ್ಕೆ. ಮಗು ಎಡವಿ ಬಿದ್ದರೆ ಆಯಿ ನೆಲಕ್ಕೆ ಹೊಡೆಯುವರು: "ನಮ್ಮ ಸುಧ್ಯಾನ ಬೀಳಸ್ತೀ? ತಗೋ!" ಅವನೂ ಅಳು ಬಿಟ್ಟು ನೆಲಕ್ಕೆ ಗುದ್ದುವನು. ನಾನು ಅವನನ್ನು ಎತ್ತಿಕೊಂಡು, ನೆಲದ ತಪ್ಪಿಲ್ಲ, ನೀನು ಕೆಳಗೆ ನೋಡಿ ನಡೆಯಬೇಕಿತ್ತು ಎಂದು ತಿಳಿಹೇಳುತ್ತಿದ್ದೆ. ಅವನು ಮತ್ತೆ ಅಳುತ್ತಿದ್ದ. "ನೋಡು, ನಿನ್ನ ಖರೇ ಮಾತಿಗೆ ಕೂಸ ಎಲ್ಡ ಸಲ ಅಳ್ತು" ಎನ್ನುವರು ಆಯಿ.

ನಾವು ಬಂದ ಎರಡನೆಯ ಬೇಸಿಗೆಯಲ್ಲಿ ಯಜಮಾನರಿಗೆ ಲೆವಿಯ ಕೆಲಸ ಬಂತು. ಆ ವರ್ಷಗಳಲ್ಲಿ ರೈತರು ಬೆಳೆದ ಜೋಳದಲ್ಲಿ ಇಂತಿಷ್ಟನ್ನು ಸರಕಾರಕ್ಕೆ ಕೊಡಬೇಕಿತ್ತು, ಅದೇ ಲೆವಿ. ಕೊಡದೆ ಬಚ್ಚಿಟ್ಟವರ ಮನೆಗೆ ಹೋಗಿ, ಕಬ್ಬಿಣದ ಸರಳಿನಿಂದ ನೆಲ ಚುಚ್ಚಿ ನೋಡಿ, ಬರೆದುಕೊಂಡು ಬರುವುದು ಅವರ ಕೆಲಸ. ಈ ಸುದ್ದಿಯನ್ನು ವಾಡೆಗೆ ಹೇಳಿದವಳು ನಾನೇ, ಸ್ವಲ್ಪ ಜಂಬದಿಂದಲೇ. ಆಯಿ ಮೊರದಲ್ಲಿ ಜೋಳ ಕೇರುತ್ತಿದ್ದರು. ಕೈ ನಿಂತಿತು. "ಹೌದೇನು? ಚೊಲೋ ಆತು ಬಿಡು" ಎಂದು ಮತ್ತೆ ಕೇರತೊಡಗಿದರು.

ಅದಾಗಿ ಒಂದೆರಡು ವಾರಕ್ಕೆ ಅಂಗಳದ ಕೊಟ್ಟಿಗೆ ಬದಿಯ ಮೂಲೆಯಲ್ಲಿ ಗುಮ್ಮ ಬಂದು ಕೂತ.

ಆ ಮೂಲೆಯಲ್ಲಿ ಹಗೇವು ಇತ್ತು. ಇದು ನನಗೆ ಗೊತ್ತಾದದ್ದು ಆಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಹೇಳದೆ ಇಟ್ಟುಕೊಂಡರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಹಗೇವೆಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕುಣಿ. ಒಬ್ಬ ಆಳು ಇಳಿಯುವಷ್ಟು ಬಾಯಿ, ಒಳಗೆ ಎರಡಾಳು ಆಳ, ಹೊಟ್ಟೆ ಅಗಲ. ತುಂಬಿದ ಮೇಲೆ ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಮಣ್ಣು ಗುಡ್ಡೆ ಹಾಕುತ್ತಾರೆ. ಗುಡ್ಡೆ ಕಂಡರೆ ಹಗೇವು ಇದೆಯೆಂದು ಯಾರಿಗೂ ತಿಳಿಯುತ್ತದೆ, ಲೆವಿಯ ಗುಮಾಸ್ತನಿಗಂತೂ ಮೊದಲು. ಅದಕ್ಕೆ ಆಯಿಯ ಮಗ ಅರ್ಧ ಜೋಳವನ್ನು ತೆಗೆದು ಹೊಲದ ಮನೆಗೆ ಸಾಗಿಸಿದ. ಉಳಿದರ್ಧವನ್ನು ಎಂಟು ದಿನದಲ್ಲಿ ಸಾಗಿಸೋಣವೆಂದು, ಬಾಯಿಗೆ ಕಲ್ಲಿನ ಬದಲು ಜಾಲಿ ಕಟ್ಟಿಗೆ, ದಂಟು ಹಾಸಿ, ಮಣ್ಣು ಮೆತ್ತಿ, ಅಂಗಳದ ಸಮಕ್ಕೆ ಸೆಗಣಿ ಸಾರಿಸಿಬಿಟ್ಟರು. ಎಂಟು ದಿನದೊಳಗೆ ಮಿರಗದ ಮಳೆ, ಜೂನಿನ ಮೊದಲ ಮಳೆ, ಹಿಡಿಯಿತು. ಎರೆಮಣ್ಣಿನ ದಾರಿಯಲ್ಲಿ ಬಂಡಿಯ ಗಾಲಿ ಇಳಿಯುತ್ತದೆ, ಏಳುವುದಿಲ್ಲ. ಎಂಟು ದಿನ ಒಂದೂವರೆ ತಿಂಗಳಾಯಿತು.

ಮೇಲೆ ಮೂವರು ಮಕ್ಕಳು ಆಡುವ ಅಂಗಳ. ಬಾಡಿಗೆಗೆ ಇರುವವನು ಲೆವಿಯವನು. ಆಯಿ ಮೂಲೆಗೆ ಒಂದು ಮುರುಕು ಬೀಸುಕಲ್ಲು ಉರುಳಿಸಿ, ಅದಕ್ಕೆ ಕುಂಕುಮ ಬಳಿದು, ಮಕ್ಕಳನ್ನು ಕೂರಿಸಿಕೊಂಡು ಹೇಳಿದರು: "ಆ ಕಲ್ಲಿನ ಆಚಿಗೆ ಗುಮ್ಮ ಮಕ್ಕೊಂಡಾನ. ಕಾಲ ಸಪ್ಪಳಾದ್ರ ಎದ್ದ, ಕಾಲ ಹಿಡದ ಕೆಳಗ ಎಳ್ಕೊಂಡ ಹೊಕ್ಕಾನ."

ಹೇಳುವಾಗ ಅವರ ಮುಖದಲ್ಲಿ ಆಟವಿರಲಿಲ್ಲ. ನಾನು ಅದನ್ನು ಗಮನಿಸಿದೆ. ಸಣ್ಣಸಣ್ಣದನ್ನೆಲ್ಲ ಗಮನಿಸುವ ಕಣ್ಣು ನನ್ನದು ಎಂದು ನನಗೆ ಹೆಮ್ಮೆ. ಗಮನಿಸಿ ಏನು ಮಾಡಿದೆ? ಮುದುಕಿ ಮಕ್ಕಳನ್ನು ಹೆದರಿಸುವುದರಲ್ಲಿ ಎಷ್ಟು ಪಳಗಿದ್ದಾಳೆಂದು ಮನಸ್ಸಿನಲ್ಲೇ ಬೈದುಕೊಂಡೆ.

ಸುಧೀರ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳತೊಡಗಿದ. ಬಚ್ಚಲಿಗೆ ಒಬ್ಬನೇ ಹೋಗಲೊಲ್ಲ. ಸಂಜೆ ಕೊಟ್ಟಿಗೆಯಲ್ಲಿ ಎಮ್ಮೆ ಬುಸುಗುಟ್ಟಿದರೆ ನನ್ನ ಸೆರಗಿನೊಳಗೆ ಬಂದು ಹೊಕ್ಕು ನಡುಗುವನು. ನಾನು ಆಯಿಯ ಹತ್ತಿರ ಹೋದೆ.

"ಆಯಿ, ಗುಮ್ಮನ ಮಾತ ಹೇಳಬ್ಯಾಡ್ರಿ. ಹುಡುಗ ಭಾಳ ಅಂಜಾಕತ್ತಾನ."

"ಅಂಜಲಿ. ಅಂಜಿದ್ರ ಚೊಲೋ."

"ಹಂಗಲ್ರೀ. ಅಂಜಿಸಿ ಬೆಳಸಬಾರದು. ಗುಮ್ಮ ಇಲ್ಲಂತ ನೀವ ಹೇಳಬೇಕು."

"ನಾ ಹೇಳೂದಿಲ್ಲ ತಂಗಿ." ಅವರು ಎದ್ದು ನಿಂತರು. "ನೀನೂ ಹೇಳಬ್ಯಾಡ. ನಿನ್ನ ಕೈ ಮುಗೀತೇನಿ."

ನಿಜವಾಗಿಯೂ ಕೈ ಮುಗಿದರು. ಅಷ್ಟು ದಿನ ನನ್ನನ್ನು ಹಾಸ್ಯ ಮಾಡಿದ ಹೆಂಗಸು ಕೈ ಮುಗಿದು ನಿಂತರೆ ನಾನು ಏನು ತಿಳಿಯಬೇಕಿತ್ತು? ನಾಟಕವೆಂದು ತಿಳಿದೆ.

ಆ ಮಧ್ಯಾಹ್ನ ಮಳೆ ನಿಂತು ಹೊಳವಾಗಿತ್ತು. ಸೊಸೆ ತವರಿಗೆ ದೇವಣಗಾಂವಕ್ಕೆ ಹೋಗಿದ್ದಳು. ಮಾಸ್ತರರ ಮನೆಗೆ ಬೀಗ. ಆಯಿ ಕೊಟ್ಟಿಗೆಯಲ್ಲಿ ಸೆಗಣಿ ಬಳಿಯುತ್ತಿದ್ದರು. ನಾನು ಮಗನ ಕೈ ಹಿಡಿದು ಮೂಲೆಗೆ ಕರೆದುಕೊಂಡು ಹೋದೆ. ಬೀಸುಕಲ್ಲಿನ ಆಚೆಗೆ ಮೊದಲು ನಾನೇ ಒಂದು ಕಾಲಿಟ್ಟು ತೋರಿಸಿದೆ. ಅಂಚಿನಲ್ಲಿ ಇಟ್ಟಿರಬೇಕು, ನೆಲ ಗಟ್ಟಿಯಾಗಿತ್ತು. "ನೋಡು, ಏನೂ ಇಲ್ಲ. ಅಮ್ಮನ ಕಾಲು ಯಾರಾದರೂ ಹಿಡಿದರಾ?" ಅವನು ಇಲ್ಲವೆಂದು ತಲೆಯಾಡಿಸಿದ, ಕಣ್ಣು ಮುಚ್ಚಿಕೊಂಡೇ. "ಈಗ ನೀನು. ಅಮ್ಮ ಕೈ ಹಿಡಿದಿರುತ್ತಾಳೆ. ಮೂರು ಸಲ ಜಿಗಿ, ಗುಮ್ಮ ಇಲ್ಲವೆಂದು ನಿನಗೇ ಗೊತ್ತಾಗುತ್ತದೆ." ನಾನೇ ಎಣಿಸಿದೆ. ವನ್. ಟೂ. ಎರಡನೆಯ ಜಿಗಿತಕ್ಕೆ ಅವನು ಕಣ್ಣು ತೆರೆದ, ಗುಮ್ಮ ಬಂದ ಮೇಲೆ ಮೊದಲ ಸಲ ನಕ್ಕ. ಥ್ರೀ.

ಕಟ್ಟಿಗೆ ಮುರಿದ ಸದ್ದು ಅಷ್ಟೇನೂ ಜೋರಾಗಿರಲಿಲ್ಲ. ನಾನು ಬೋರಲು ಬಿದ್ದಿದ್ದೆ. ನನ್ನ ಬಲಗೈ ಭುಜದವರೆಗೆ ನೆಲದೊಳಗಿತ್ತು, ಆ ಕೈಯ ತುದಿಯಲ್ಲಿ ನನ್ನ ಮಗ ತೂಗುತ್ತಿದ್ದ. ಕೆಳಗಿನಿಂದ ಹುಳಿ ಹುಳಿ ವಾಸನೆ ಬಂತು. ಮಣ್ಣಿನ ಹೆಂಟೆಗಳು ಒಂದೊಂದಾಗಿ ಬೀಳುತ್ತಿದ್ದವು. ನಾನು ಏಳಲು ಹೋದೆ.

"ಏಳಬ್ಯಾಡ! ಮಕ್ಕೊಂಡ ಇರು! ಅಂಚ ಕುಸೀತೈತಿ!"

ಆಯಿ ಓಡಿಬಂದವರು ನಾಲ್ಕು ಮಾರು ದೂರದಲ್ಲೇ ನೆಲಕ್ಕೆ ಬಿದ್ದರು. ಹೊಟ್ಟೆಯ ಮೇಲೆ ತೆವಳುತ್ತ, ಸೆಗಣಿಯ ಕೈಯಲ್ಲಿ ನೆಲ ಒತ್ತಿ ಒತ್ತಿ ನೋಡುತ್ತ ನನ್ನ ಪಕ್ಕಕ್ಕೆ ಬಂದರು. ಅರವತ್ತು ದಾಟಿದ ಹೆಂಗಸು. "ಕೈ ಬಿಟ್ಟೀ, ನಿನ್ನ ಕೊಲ್ತೇನಿ ನೋಡು" ಎಂದು ನನಗೆ ಹೇಳಿದರು. ಮಗನಿಗೆ ಹೇಳಿದ ದನಿಯೇ ಬೇರೆ: "ಸುಧ್ಯಾ, ಮ್ಯಾಲ ನೋಡು. ಆಯಿ ಬಂದಾಳ. ಉಸರ ಜೋರ ತಗೀಬ್ಯಾಡಪ್ಪಾ, ಸಾವಕಾಶ." ತೋಳು ಒಳಗೆ ಬಿಟ್ಟು, ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ಅವನ ಕೂದಲು. ಆಮೇಲೆ ಅಂಗಿಯ ಕೊರಳು. ಇಬ್ಬರೂ ಎಳೆದೆವು. ಅವನ ಮೊಣಕೈ ಕಳಚಿದ್ದು ಆಗಲೇ.

ಅವನು ಹೊರಗೆ ಬಂದ ಮೇಲೆ ಆಯಿಯ ಮಗ ಹೊಲದಿಂದ ಬಂದ. ಬಾಯಿಬಿಟ್ಟ ಹಗೇವು ನೋಡಿ, ಜೋಳ ತೊಯ್ದಿತೇನೋ ಎಂದು ಇಳಿಯಲು ಧೋತರ ಕಟ್ಟಿದ. ಆಯಿ ಅವನ ಕೆನ್ನೆಗೆ ಬಾರಿಸಿದರು, ಮೂವತ್ತು ದಾಟಿದ ಮಗನಿಗೆ. ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟರು. ಒಂದು ಮಾರು ಇಳಿಯಿತು, ಉರಿಯುತ್ತಿತ್ತು. ಇನ್ನೂ ಸ್ವಲ್ಪ ಇಳಿಯಿತು. ಯಾರೋ ಊದಿದ ಹಾಗೆ ದೀಪ ಆರಿಹೋಯಿತು. ಹಸಿ ಜೋಳದ ಮೇಲೆ ಕೆಟ್ಟ ಗಾಳಿ ಕೂತಿರುತ್ತದೆ, ಇಳಿದವರು ಏಳುವುದಿಲ್ಲ. ನಾನು ಮಗನನ್ನು ಮಡಿಲಲ್ಲಿ ಹಾಕಿಕೊಂಡು ಆ ಆರಿದ ಕಂದೀಲು ಮೇಲೆ ಬರುವುದನ್ನು ನೋಡಿದೆ.

ಸುಧೀರನನ್ನು ದವಾಖಾನೆಗೆ ಒಯ್ಯಲು ಆಯಿಯ ಮಗ ಬಂಡಿ ಹೂಡಲು ಹೊರಗೆ ಹೋದಾಗ ನಾನು ಆಯಿಯ ಮೇಲೆ ಬಿದ್ದೆ. "ನನಗ ಹೇಳಬೇಕಿತ್ತು! ನಾ ಅವನ ತಾಯಿ! ಒಂದ ಮಾತ ಹೇಳಿದ್ರ ಸಾಕಿತ್ತು!"

"ನಿನ್ನ ಗಂಡ ಯಾರು ತಂಗಿ? ನಿನಗ ಹೇಳೂದಂದ್ರ ಅವಂಗ ಹೇಳಿದಂಗ. ಅವಂಗ ಹೇಳೂದಂದ್ರ ಈ ಮನಿ ಅನ್ನ ಹೊತ್ತ ಕೊಟ್ಟಂಗ."

"ನಾ ಹೇಳ್ತಿದ್ದಿಲ್ಲ ಅವರಿಗೆ!"

"ಅದು ನನಗ ಹೆಂಗ ಗೊತ್ತಾಗಬೇಕು?" ಅವರ ದನಿ ಇಳಿಯಿತು. ಎದೆ, ಹೊಟ್ಟೆ, ಮೂಗು ಎಲ್ಲ ಮಣ್ಣು. "ಗುಮ್ಮನ್ನ ತಗೀರಿ ಅಂತ ಬಂದಿ. ಯಾಕ ಕುಂದರ್ಸೀರಿ ಅಂತ ಒಮ್ಮೆರ ಕೇಳಿದಿ? ಕೈ ಮುಗದೆ. ಆವಾಗರ ಕೇಳಿದಿ?"

ಕೇಳಿದ್ದರೆ ಹೇಳುತ್ತಿದ್ದರೇ? ಈಗಲೂ ನನಗೆ ಗೊತ್ತಿಲ್ಲ. ಆಗ ಆ ಪ್ರಶ್ನೆಯೂ ನನಗೆ ಹೊಳೆಯಲಿಲ್ಲ.

ಯಜಮಾನರು ಸಂಜೆ ಬಂದು ಮಗನ ಕೈಗೆ ಕಟ್ಟಿದ ಬಟ್ಟೆ ನೋಡಿದರು, ಅವನ ತಲೆ ಸವರಿದರು. ಅಂಗಳದ ಮೂಲೆಗೆ ಹೋಗಿ ಎರಡು ನಿಮಿಷ ನಿಂತರು. ಒಳಗೆ ಬಂದು ಚೀಲಕ್ಕೆ ಒಂದು ಟವೆಲು ತುರುಕಿದರು. "ನಾ ಇವತ್ತ ಮನಿಗೆ ಬಂದಿಲ್ಲ. ಕ್ಯಾಂಪಿನಾಗ ಇದ್ದೇನಿ" ಎಂದು ಹೇಳಿ ಹೊರಟುಹೋದರು. ಕೈ ಕಳಚಿದ ಮಗುವಿನ ಜೊತೆ ನ್ಯಾಯವನ್ನೂ ನನ್ನ ಮಡಿಲಿಗೆ ಹಾಕಿ ಹೋದರು. ಅವರು ಮರುದಿನ ಬರುವುದರೊಳಗೆ, ಕೆಟ್ಟ ಗಾಳಿ ಹೋದ ಮೇಲೆ, ಹಗೇವು ಬರಿದಾಗಿ, ಕಲ್ಲು ಮಣ್ಣು ತುಂಬಿ, ದಿಮಿಸು ಹೊಡೆದಾಗಿತ್ತು. ಆಯಿಯ ಮಾವನ ಕಾಲದ ಹಗೇವು ಅದು.

ಆಮೇಲೆ ಐದು ತಿಂಗಳು ನಾವು ಅದೇ ವಾಡೆಯಲ್ಲಿದ್ದೆವು. ನಮ್ಮ ಬಾಗಿಲಿಗೂ ಅವರ ಹೊಸ್ತಿಲಿಗೂ ಹತ್ತು ಹೆಜ್ಜೆ. ಆಯಿ ನಮ್ಮ ಖೋಲಿಗೆ ಬರುವುದನ್ನು ಬಿಟ್ಟರು. ಸುಧೀರ ಓಡಿಹೋಗಿ ಅವರ ಕಾಲ ಮೇಲೆ ಕೂರುತ್ತಿದ್ದ, ನಾನು ಕಿಟಕಿಯಿಂದ ನೋಡುತ್ತಿದ್ದೆ. ಕರೆದರೆ ಬರುತ್ತಿದ್ದರೇನೋ. ನಾನು ಕರೆಯಲಿಲ್ಲ. ತಪ್ಪಾಯಿತೆಂದು ಅವರು ಮೊದಲು ಹೇಳಲಿ ಎಂದು ಕಾದೆ. ಧಾರವಾಡಕ್ಕೆ ವರ್ಗವಾಗಿ ಲಾರಿ ಬಂದ ದಿನ ಅವರು ಕೊಟ್ಟಿಗೆಯೊಳಗೇ ಇದ್ದರು.

ಹದಿನೈದು ದಿನದ ಹಿಂದೆ ಅವರ ಸೊಸೆ, ನಾವು ಸಿಂದಗಿ ಬಿಟ್ಟ ಮೇಲೆ ಹುಟ್ಟಿದ ಮಗಳನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಧಾರವಾಡಕ್ಕೆ ಬಂದವಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಅತ್ತೆ ಹೋದರೆಂದು ಹೇಳಿದ್ದು ಅವಳೇ. ಚಹಾ ಕುಡಿಯುತ್ತ ಒಂದಿಷ್ಟು ಮಾತಾಡಿದಳು.

"ನೀವ ಹ್ವಾದಮ್ಯಾಲ ಅತ್ತಿಯವ್ರ ಮೊದಲಿನಂಗ ಇರಲಿಲ್ರಿ. ಯಾರ ಬಾಡಿಗಿಗೆ ಬಂದ್ರೂ, ಲಾರಿ ಸಾಮಾನ ಇಳಸೂಕಿಂತ ಮೊದಲ ಆ ಹೆಣಮಗಳ ಕೈ ಹಿಡದ ಇಡೀ ವಾಡೇದಾಗ ತಿರಗಸೋರು. ಇದು ಬಾವಿ, ಕಟ್ಟಿ ಗಿಡ್ಡ ಐತಿ. ಇದು ನಿಚ್ಚಣಕಿ, ಮೂರನೇ ಹಲ್ಲ ಸಡ್ಲ ಐತಿ. ಇದು ಹಗೇವ ಇದ್ದ ಜಾಗಾ, ತುಂಬೇವಿ, ಆದ್ರೂ ಮಳಿಗಾಲದಾಗ ಕಣ್ಣಿಡು. ಹೋದ ವರ್ಷ ಹವಾಲ್ದಾರನ ಹೇಂತಿ ಬಂದಿದ್ಳು. ಅಕಿಗೂ ಎಲ್ಲಾ ತೋರಿಸಿದ್ರು. ಪೋಲಿಸರ ಮನಿಯವ್ರಿಗೆ ಹಗೇವಿನ ಮಾತ ಯಾಕ ಅತ್ತಿ, ಅಂದೆ. ಹಿಂದ ಒಬ್ಬಾಕಿಗೆ ಹೇಳಿದ್ದಿಲ್ಲ, ಅಂದ್ರು."

ಆ ಒಬ್ಬಾಕಿ ಹತ್ತು ಹೆಜ್ಜೆ ದೂರದಲ್ಲಿ ಐದು ತಿಂಗಳು ಕಾದಿದ್ದಳು. ಹವಾಲ್ದಾರನ ಹೆಂಡತಿಗೆ ಹೇಳಿದ ಮಾತನ್ನು ಅವಳಿಗೆ ಹೇಳಲು ಏನಾಗಿತ್ತು?

"ಪಾಪ, ಸಣ್ಣ ಹುಡುಗ" ಎಂದಳು ಸೊಸೆ, ಒಳಗೆ ಓದುತ್ತಿದ್ದ ಸುಧೀರನ ಕಡೆ ನೋಡುತ್ತ. "ಆಡ್ಕೋತ ಆಡ್ಕೋತ ತಾನ ಹೋಗಿ ಬಿದ್ದ ಅಂತ ಹೇಳೋರು. ಎಲ್ಲಾರಿಗೂ ಅದನ್ನ ಹೇಳೋರು, ನಮ್ಮ ಮನಿಯವರಿಗೂ. ತಾಯಿ ಒಳಗ ಇದ್ಳು, ಅಕೀದೇನ ತಪ್ಪಿಲ್ಲ, ಎಲ್ಲಾ ನಂದ ತಪ್ಪ, ಅನ್ನೋರು."

ನಾನು ಒಳಗಿರಲಿಲ್ಲ. ಅದನ್ನು ನೋಡಿದವರು ಅವರೊಬ್ಬರೇ. ಕೊಟ್ಟಿಗೆಯ ಬಾಗಿಲಿನಿಂದ ನನ್ನ ವನ್ ಟೂ ಥ್ರೀ ಅವರಿಗೆ ಕೇಳಿಸಿರಬೇಕು. ಮೂರನೆಯದಕ್ಕೆ ಮೊದಲೇ ಓಡಲು ಹೊರಟಿದ್ದರಿಂದಲೇ ಅಷ್ಟು ಬೇಗ ತಲುಪಿದ್ದು. ನನ್ನನ್ನು ಒಂದು ಮಾತೂ ಕೇಳದೆ, ನನ್ನ ಪಾಲಿನದನ್ನೂ ತಾವೇ ಹೊತ್ತುಕೊಂಡು ಹೋದರು. ಅದನ್ನು ಅವರಿಗೆ ಕೊಟ್ಟವರು ಯಾರು? ಈಗ ನಾನು ಅದನ್ನು ಯಾರ ಹತ್ತಿರ ಹೋಗಿ ವಾಪಸು ಕೇಳಲಿ?

ಸೊಸೆಗೆ ಅಲ್ಲಿಯೇ ನಿಜ ಹೇಳಬೇಕೆಂದಿದ್ದೆ. ಇನ್ನೊಂದು ಕಪ್ಪು ಚಹಾ ತರುತ್ತೇನೆಂದು ಒಳಗೆ ಹೋದೆ. ಆದ್ದರಿಂದ ಇಲ್ಲಿ ಬರೆದಿದ್ದೇನೆ. ಮಗನನ್ನು ಆ ಮೂಲೆಯಲ್ಲಿ ಜಿಗಿಸಿದವಳು ನಾನು. ಎಣಿಸಿದವಳೂ ನಾನು. ಯಜಮಾನರಿಗೂ ಇದು ಗೊತ್ತಿಲ್ಲ. ನಾನು ಬರೆದದ್ದನ್ನು ಅವರು ರಾತ್ರಿ ಊಟವಾದ ಮೇಲೆ ಓದುತ್ತಾರೆ. ಈಗ ಐದೂವರೆ.